ದೇವರಿಗೆ ಹೋಗುವ ಗಾಡಿಗೆ ಬಾಡಿಗೆ ಇಲ್ಲ

ನಾನು ಸ್ಕೂಟರಿನ ಹಿಂದೆ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಮಧುಗಿರಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಇದು ಗೊತ್ತು. ಕೆಲವರು ಜಿಪುಣತನ ಎನ್ನುತ್ತಾರೆ, ಕೆಲವರು ಮಡಿ ಎನ್ನುತ್ತಾರೆ, ಒಬ್ಬಾಕೆ ಮುಖಕ್ಕೆ ಹೊಡೆದ ಹಾಗೆ ‘ನಿಮಗೆ ಸ್ವಲ್ಪ ಕೊಬ್ಬು ಜಾಸ್ತಿ ಮೇಡಂ’ ಎಂದಳು. ಅನ್ನಲಿ, ಅನ್ನುವ ಬಾಯಿ ಯಾರು ಕಟ್ಟುತ್ತಾರೆ. ಬಿಸಿಲಿನಲ್ಲಿ ಕೂಸು ಎತ್ತಿಕೊಂಡು ಬಸ್ಸಿಗೆ ಕಾದು ನಿಂತ ಹೆಂಗಸು ಕೈ ಅಡ್ಡ ಹಿಡಿದರೂ ನಾನು ಮುಖ ತಿರುಗಿಸಿಕೊಂಡು ಹೋಗುತ್ತೇನೆ. ಒಂದಷ್ಟು ದೂರ ಕನ್ನಡಿಯಲ್ಲಿ ಅವಳನ್ನೇ ನೋಡುತ್ತೇನೆ, ಆದರೂ ಗಾಡಿ ತಿರುಗಿಸುವುದಿಲ್ಲ. ಹುಟ್ಟುತ್ತಲೇ ಹೀಗಿದ್ದವಳಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಹತ್ತಿಸಿಕೊಳ್ಳುವವರ ಮನೆಯಲ್ಲೇ ಹುಟ್ಟಿದೆ. ಆ ಮನೆ ಹೇಗಿತ್ತು, ಹೇಗೆ ಹೋಯಿತು ಎಂದು ಹೇಳದೆ ಈ ಗುಣ ಎಲ್ಲಿಂದ ಬಂತೆಂದು ಹೇಳಲು ನನಗೆ ಬರುವುದಿಲ್ಲ.

ನಮ್ಮದು ಶಿರಾ ತಾಲ್ಲೂಕು ಗೌಡಗೆರೆ ಹೋಬಳಿಯ ಒಂದು ಊರು. ಮಣ್ಣಿನ ಮಾಳಿಗೆ ಮನೆ, ಗೋಡೆ ಮೊಳದಗಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಚೌಳು ಮಣ್ಣು ಹೊಡೆಸಬೇಕು, ಇಲ್ಲದಿದ್ದರೆ ನಡುಮನೆ ಸೋರುತ್ತದೆ. ಮಾಳಿಗೆಯ ಗವಾಕ್ಷಿಯಿಂದ ಬೀಳುವ ಬಿಸಿಲಿನ ತುಂಡು ದೇವರಮನೆ ಬಾಗಿಲಿಗೆ ಬಂದರೆ ಊಟದ ಹೊತ್ತು ಎಂದು ಲೆಕ್ಕ. ಅಪ್ಪ ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದ. ಸುತ್ತಿನ ಹಳ್ಳಿ, ಹಟ್ಟಿಗಳಲ್ಲಿ ಕಾಯಿ ಕೊಂಡು ಪಾವಗಡ, ಮಧುಗಿರಿಯ ಮಿಲ್ಲುಗಳಿಗೆ ಹಾಕುತ್ತಿದ್ದ. ಸುಗ್ಗಿಯಲ್ಲಿ ನಮ್ಮ ಪಡಸಾಲೆ ನಮ್ಮದಾಗಿರುತ್ತಿರಲಿಲ್ಲ. ಎದೆಮಟ್ಟ ಕಡಲೆಕಾಯಿ ರಾಶಿ, ಅದರ ಪಕ್ಕ ಅಂಗೈಯಗಲ ದಾರಿ. ಅಪ್ಪ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜ ಕಟಕಟ ಅಂದರೆ ಮಾತ್ರ ತೂಕಕ್ಕೆ ಹಾಕಿಸುತ್ತಿದ್ದ. ಹಟ್ಟಿಯ ಹೆಂಗಸರು ಜಗಲಿಯ ಮೇಲೆ ಕೂತು ಬಿತ್ತನೆ ಕಾಯಿ ಸುಲಿಯುತ್ತಿದ್ದರು. ನಮಗೆ ಮೂರು ಹೊತ್ತೂ ಕಡಲೆಕಾಯಿ. ಬೇಯಿಸಿದ್ದು, ಹುರಿದದ್ದು, ಮುದ್ದೆಯ ಜೊತೆ ಚಟ್ನಿ. ನನ್ನ ಅಜ್ಜಿ, ಎಂದರೆ ಅಪ್ಪನ ತಾಯಿ, ಆ ಮನೆಯ ಕಾನೂನು. ಎರಡು ಹೊತ್ತು ಲಿಂಗಪೂಜೆ ಆಗದೆ ಬಾಯಿಗೆ ತುತ್ತಿರಲಿ, ಹನಿ ನೀರೂ ಹೋಗಬಾರದು ಎನ್ನುವುದು ಅವಳ ಮೊದಲನೆಯ ಕಲಮು. ಅಪ್ಪ ಎಲ್ಲೇ ಇರಲಿ, ಹೊತ್ತು ಮುಳುಗುವಷ್ಟರಲ್ಲಿ ಮನೆ ಸೇರಿ ಕೈಕಾಲು ತೊಳೆಯುತ್ತಿದ್ದ.

ಎರಡನೆಯ ಕಲಮು ಗಾಡಿಯದು. ತಾತನ ಕಾಲದಲ್ಲಿ ಎತ್ತಿನ ಗಾಡಿಯಿತ್ತಂತೆ. ಯಾರಿಗೆ ಏನು ಬಾಡಿಗೆ ಕೇಳಿದರೂ, ದೇವರಿಗೆ ಹೊರಟವರ ಹತ್ತಿರ ಕೇಳಬಾರದು ಎಂದು ತಾತ ಹೇಳಿದ್ದನಂತೆ. ಎತ್ತು ಹೋಗಿ ಮಿನಿ ಲಾರಿ ಬಂದರೂ ಮಾತು ಬದಲಾಗಲಿಲ್ಲ. ಕಾಯಿ ಮಾರುವ ಹಟ್ಟಿಯವರ ಹರಕೆಗೆ ಗಾಡಿ ಕಳಿಸುವುದು ಅಪ್ಪನಿಗೆ ವ್ಯಾಪಾರವೂ ಹೌದು, ಪುಣ್ಯವೂ ಹೌದು. ಆ ಗಾಡಿಗೆ ವಿಮೆ ಇತ್ತು. ಸರಕಿನ ಗಾಡಿಗೆ ಎಷ್ಟು ಬೇಕೋ ಅಷ್ಟು, ಅದರಲ್ಲೂ ಎಲ್ಲಕ್ಕಿಂತ ಕಡಿಮೆಯದು. ವಿಮೆಯ ಏಜೆಂಟು ಅದೂ ಇದೂ ಹೇಳಲು ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

“ಪೋಲೀಸ್ನೋರು ಕೈ ಅಡ್ಡ ಹಾಕ್ದಾಗ ತೋರ್ಸಕ್ಕೆ ಒಂದು ಪೇಪರ್ ಇದ್ರೆ ಸಾಕು ಕಣಪ್ಪ. ಮಿಕ್ಕಿದ್ದು ಬೆಟ್ಟದ ಸಿದ್ದಪ್ಪಸ್ವಾಮಿ ನೋಡ್ಕೊಂತಾನೆ.”

ಆ ವಿಮೆಯಲ್ಲಿ ಗಾಡಿ ತಗುಲಿದ ದಾರಿಹೋಕರಿಗೆ ಪರಿಹಾರ ಇತ್ತು. ಗಾಡಿಯ ಹಿಂದೆ ಕೂತ ಮನುಷ್ಯರಿಗೆ ಇರಲಿಲ್ಲ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ತಾತನ ಮಾತು ಮೀರಿ ಅಪ್ಪ ಯಾರನ್ನೂ ಕೆಳಗಿಳಿಸುತ್ತಿದ್ದನೆಂದು ನನಗನ್ನಿಸುವುದಿಲ್ಲ.

ಕಾಯಿ ಸುಲಿಯಲು ಬರುತ್ತಿದ್ದವರಲ್ಲಿ ಈರಕ್ಕ ಎಂಬಾಕೆ ಇದ್ದಳು. ಊರಾಚೆಯ ಗೊಲ್ಲರ ಹಟ್ಟಿಯವಳು. ಗಂಡ ಜುಂಜಣ್ಣ ಕುರಿ ಕಾಯುತ್ತಿದ್ದ, ಎರಡೆಕರೆಯಲ್ಲಿ ಕಡಲೆಕಾಯಿ ಇಡುತ್ತಿದ್ದ. ಈರಕ್ಕನ ಬಾಯಿ ಅವಳ ಕೈಗಿಂತ ಜೋರು. ಅಜ್ಜಿಯನ್ನು ರೇಗಿಸುವ ಧೈರ್ಯ ಊರಲ್ಲಿ ಅವಳೊಬ್ಬಳಿಗೆ ಇತ್ತು. ಅವಳ ಮೂರು ವರ್ಷದ ಮಗಳು ಚಿತ್ತಿಗೆ ಜ್ವರ ಬಂದು ನೆತ್ತಿಗೇರಿ ಉಳಿಯುವುದಿಲ್ಲ ಎಂದಾಗಿತ್ತು. ಉಳಿದರೆ ಸಿದ್ದರಬೆಟ್ಟಕ್ಕೆ ಬಂದು ಕೂದಲು ಕೊಡಿಸುತ್ತೇನೆಂದು ಹರಕೆ ಹೊತ್ತಳು. ಮಗು ಉಳಿಯಿತು. ಕಾರ್ತಿಕದಲ್ಲಿ ಒಂದು ದಿನ ಜಗಲಿಯ ಕೆಳಗೆ ನಿಂತು ಅಪ್ಪನನ್ನು ಕೇಳಿದಳು.

“ಯಜಮಾನ್ರೆ, ಸೋಮಾರ ಗಾಡಿ ಕಳಿಸ್ಬೇಕಲ್ಲ. ನಮ್ಮ ಹಟ್ಟಿಯೋರೆಲ್ಲ ಬತ್ತೀವಿ ಅಂತವ್ರೆ. ಡೀಸಲ್ಲಿಗೆ ಒಂದಷ್ಟು ಕೂಡಿಸಿ ಕೊಡ್ತೀವಿ.”

“ದೇವ್ರಿಗೆ ಹೋಗೋ ಗಾಡಿಗೆ ಬಾಡಿಗೆ ಇಲ್ಲ ಕಣಮ್ಮ. ನಾನೇ ಓಡಿಸ್ಕಂಡು ಬತ್ತೀನಿ, ನಮ್ಮ ಮಗೀಗೂ ಬೆಟ್ಟ ತೋರಿಸ್ದಂಗಾಯ್ತದೆ.”

ಹಾಗೆ ನಾನೂ ಹೋದೆ. ಹಿಂದೆ ಹಟ್ಟಿಯವರು, ಮುಂದೆ ಅಪ್ಪ ಮತ್ತು ನಾನು. ಬೆಟ್ಟ ಹತ್ತಿದೆವು, ಗವಿಯ ತೀರ್ಥ ತಲೆಗೆ ಹಾಕಿಕೊಂಡೆವು, ಚಿತ್ತಿಯ ಬೋಳುತಲೆಗೆ ಗಂಧ ಬಳಿದರು. ಇಳಿದು ಊಟ ಮಾಡಿ ಹೊರಡುವಾಗ ಹೊತ್ತಾಗಿಬಿಟ್ಟಿತ್ತು. ಅಪ್ಪ ಮತ್ತೆ ಮತ್ತೆ ಪಡುವಣದ ಕಡೆ ನೋಡುತ್ತಿದ್ದ. ಸಂಜೆಯ ಪೂಜೆ ತಪ್ಪುತ್ತದೆಂಬ ಚಿಂತೆ ಅವನಿಗೆ. ‘ಹೊತ್ತು ಮುಳುಗ್ತಾ ಐತೆ, ಅವ್ವ ಕಾಯ್ತಿರ್ತಾಳೆ’ ಎಂದು ಹೇಳಿಕೊಂಡು ಗಾಡಿಯನ್ನು ಜೋರಾಗಿ ಬಿಟ್ಟ. ಕೊರಟಗೆರೆ ದಾಟಿ ಮಧುಗಿರಿ ದಾರಿಯಲ್ಲಿ ಒಂದು ಇಳಿಜಾರು ತಿರುವಿದೆ. ಅಲ್ಲಿ ಎಡಗಡೆಯ ಚಕ್ರ ಟಾರು ಬಿಟ್ಟು ಕೆಳಗಿಳಿಯಿತು. ಅಪ್ಪ ಸ್ಟೇರಿಂಗು ಎಳೆದ, ಗಾಡಿ ಒಂದು ಸಲ ವಾಲಿ ಮತ್ತೆ ನೆಟ್ಟಗಾಯಿತು. ಪಾರಾದೆವೆಂದು ನಾನು ನಕ್ಕೆ. ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ಗಾಳಿಗೆಂದು ಹಿಂಬದಿಯ ಹಲಗೆ ಹಿಡಿದು ನಿಂತಿದ್ದ ಈರಕ್ಕ ಕೆಳಗೆ ಬಿದ್ದಿದ್ದಳು. ತಲೆ ಕಲ್ಲಿಗೆ ಬಡಿದಿತ್ತು. ಉಳಿದವರಿಗೆ ಒಂದು ಗೀರೂ ಇರಲಿಲ್ಲ. ಆಸ್ಪತ್ರೆ ಸೇರುವ ಮೊದಲೇ ಆಕೆ ಹೋದಳು. ಜುಂಜಣ್ಣ ಹೆಣದ ಹತ್ತಿರ ಕೂತಿದ್ದ. ಅಪ್ಪ ಸ್ಟೇಷನ್ನಿಗೆ ಹೋದ. ಅಲ್ಲಿ ಹೊರಗೆ ನಿಂತ ಯಾರೋ ‘ಸರಕಿನ ಗಾಡೀಲಿ ಜನ ಇದ್ರು ಅಂದ್ರೆ ಕೆಟ್ರಿ, ದಾರೀಲಿ ನಡ್ಕಂಡು ಹೋಗೋಳಿಗೆ ತಗುಲ್ತು ಅನ್ನಿ’ ಎಂದು ಹೇಳಿಕೊಟ್ಟರಂತೆ. ಹೆದರಿದ್ದ ಅಪ್ಪ ಹಾಗೆಯೇ ಬರೆಸಿ ಬಂದ.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದು ನೋಡಿದರೆ ಇಂಥವರ ನಡುವೆ ಯಾಕೆ ಹೀಗಾಯಿತು ಎಂದು ಈಗಲೂ ಅನ್ನಿಸುತ್ತದೆ. ಅಮ್ಮ ಹಟ್ಟಿಗೆ ಹೋಗಿ ಚಿತ್ತಿಯನ್ನು ಎತ್ತಿಕೊಂಡು ಬಂದಳು. ಜಗಲಿಯಲ್ಲಿ ಅಲ್ಲ, ಅಡುಗೆಮನೆಯೊಳಗೆ, ಒಲೆಯ ಪಕ್ಕ ಕೂರಿಸಿಕೊಂಡು ಹಾಲನ್ನ ತಿನ್ನಿಸಿದಳು. ಹಟ್ಟಿಯವರು ಪಡಸಾಲೆ ದಾಟದ ಮನೆ ಅದು. ಅಜ್ಜಿ ದೇವರಮನೆ ಬಾಗಿಲಲ್ಲಿ ನಿಂತು ನೋಡಿದಳು. ಈಗ ಬೈಯುತ್ತಾಳೆ ಎಂದು ನಾನು ಕಾದೆ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ‘ಬಿಸಿ ಆಗೈತೇನೋ, ಆರ್ಸಿ ತಿನ್ಸು’ ಎಂದು ಒಳಗೆ ಹೋದಳು. ಮಗು ದಿನಾ ಬರತೊಡಗಿತು. ಸಂಜೆ ಜುಂಜಣ್ಣ ಬಂದು ಕರೆದುಕೊಂಡು ಹೋಗುತ್ತಿದ್ದ. ಅವನೂ ಅಪ್ಪನೂ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತಿರುತ್ತಿದ್ದರು. ಅವನು ಅಪ್ಪನನ್ನು ದೂರಿ ಒಂದು ದಿನವೂ ಒಂದು ಮಾತು ಆಡಿದ್ದು ನಾನು ಕೇಳಲಿಲ್ಲ.

ಪರಿಹಾರಕ್ಕೆ ಕೇಸು ಹಾಕು ಎಂದು ಜುಂಜಣ್ಣನನ್ನು ಒಪ್ಪಿಸಿದ್ದೇ ಅಪ್ಪ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಮಧುಗಿರಿಯಲ್ಲಿ ವಕೀಲರನ್ನು ಗೊತ್ತುಮಾಡಿ, ಬಸ್ಸಿನ ಚಾರ್ಜು ತಾನೇ ಕೊಟ್ಟು ಕರೆದುಕೊಂಡು ಹೋದ.

“ನನ್ ಜೇಬಿಂದಲ್ಲ ಕಣ್ಲಾ ಜುಂಜಣ್ಣ, ಇನ್ಸೂರೆನ್ಸ್ ಕಂಪ್ನಿ ಕೊಡ್ತದೆ. ಮಗೀಗೆ ಒಂದು ದಾರಿ ಆಗ್ಲಿ. ಇಲ್ದಿದ್ರೆ ನಂಗೆ ಅನ್ನ ಇಳಿಯಲ್ಲ.”

“ನೀವೆಂಗ್ ಅಂದ್ರೆ ಅಂಗೆ ಯಜಮಾನ್ರೆ.”

ಆ ವಕೀಲರು ಇಬ್ಬರಿಗೂ ಒಂದೇ ಮಾತು ಕಲಿಸಿದರು. ಗಾಡಿಯಲ್ಲಿ ಇದ್ದಳು ಎಂದರೆ ಕಂಪನಿ ಕೊಡುವುದಿಲ್ಲ, ಅಷ್ಟೂ ಗಾಡಿಯ ಮಾಲೀಕನ ತಲೆಗೆ ಬರುತ್ತದೆ, ದಾರಿಯಲ್ಲಿ ನಡೆದು ಹೋಗುತ್ತಿದ್ದಳು ಎಂದರೆ ಕೊಡುತ್ತದೆ. ಅಷ್ಟೇ. ಸ್ಟೇಷನ್ನಿನಲ್ಲಿ ಬರೆಸಿದ್ದೂ ಹಾಗೇ ಇದೆಯಲ್ಲ ಎಂದರು. ಅಪ್ಪನ ಪರವಾಗಿ ನಿಲ್ಲಲು ತಮ್ಮ ಸ್ನೇಹಿತರೊಬ್ಬರನ್ನೂ ಅವರೇ ಒದಗಿಸಿದರು. ಅಂದಿನಿಂದ ನಮ್ಮ ಪಡಸಾಲೆ ಕೋರ್ಟಾಯಿತು. ರಾಶಿಯ ಪಕ್ಕದಲ್ಲಿ ಅಪ್ಪ ಕೈಕಟ್ಟಿ ನಿಲ್ಲುವುದು, ಅಮ್ಮ ಎದುರಿಗೆ ನಿಂತು ಪ್ರಶ್ನೆ ಕೇಳುವುದು. ಅಪ್ಪ ವ್ಯಾಪಾರದಲ್ಲಿ ಎಷ್ಟೋ ಸುಳ್ಳು ಹೇಳಿದವನೇ, ಆದರೆ ಈ ಒಂದು ಸುಳ್ಳು ಅವನ ಬಾಯಲ್ಲಿ ತಡವರಿಸುತ್ತಿತ್ತು. ಒಂದು ದಿನ ಅಜ್ಜಿಗೆ ರೇಗಿತು.

“ಲಿಂಗ ಕಟ್ಕಂಡಿರೋ ಕೊಳ್ಳಲ್ಲಿ ಇಂಥ ಮಾತ್ ಬರಬೌದೇನ್ಲಾ? ಪಾಪದ ಹೆಂಗ್ಸು, ನಿನ್ ಗಾಡೀಲಿ ಬಂದು ಸತ್ತವ್ಳೆ.”

ಅಜ್ಜಿಗೆ ಎದುರಾಡದ ಅಮ್ಮ ಅವತ್ತು ಎದುರಾಡಿದಳು.

“ಮನೆ ಹೋದ್ರೆ ಆ ಲಿಂಗನ ಎಲ್ಲಿ ಕೂತು ಪೂಜೆ ಮಾಡ್ತೀರಿ ಅತ್ತೆ? ಸುಮ್ಕಿರಿ ನೀವು. ಹೂಂ, ನೀವು ಹೇಳಿ, ಆಕೆ ಎಲ್ಲಿದ್ಲು?”

ಅಜ್ಜಿ ಎದ್ದು ಹೋದಳು. ಅಪ್ಪ ಹೇಳಿದ. ಎರಡು ವರ್ಷ ಕಳೆಯುವ ಹೊತ್ತಿಗೆ ಅವನು ತಡವರಿಸುವುದು ನಿಂತಿತ್ತು.

ವಿಚಾರಣೆಯ ದಿನ ಅಮ್ಮ ಕೋರ್ಟಿನಲ್ಲಿದ್ದಳು. ಅವಳು ಹೇಳಿದ್ದನ್ನೇ ಬರೆಯುತ್ತೇನೆ. ಮೊದಲು ಜುಂಜಣ್ಣನನ್ನು ಕಟಕಟೆಗೆ ಕರೆದರು. ಕಲಿಸಿದ ಹಾಗೆ ದಾರಿಯಲ್ಲಿ ಹೋಗುತ್ತಿದ್ದಳು ಎಂದ. ಆಗ ಕಂಪನಿಯ ವಕೀಲರು ಎದ್ದು ನಿಧಾನವಾಗಿ ಕೇಳಿದರು. ನಿಮ್ಮೂರು ಅಲ್ಲಿಂದ ಎಷ್ಟು ದೂರ? ಹೊತ್ತು ಮುಳುಗುವಾಗ, ಪರಸ್ಥಳದಲ್ಲಿ, ನಿಮ್ಮ ಹೆಂಡತಿ ಒಬ್ಬಳೇ ಎಲ್ಲಿಗೆ ಹೊರಟಿದ್ದಳು? ನಿಮಗೆ ಹೇಳಿ ಹೋಗಿದ್ದಳಾ, ಹೇಳದೆ ಹೋಗಿದ್ದಳಾ? ಯಾರ ಜೊತೆ? ಜುಂಜಣ್ಣನ ಮುಖ ಕಪ್ಪಿಟ್ಟಿತಂತೆ. ಹಿಂದಿನ ಬೆಂಚಿನಲ್ಲಿ ಹಟ್ಟಿಯವರು ಕೂತಿದ್ದರು, ಈರಕ್ಕನ ಅಣ್ಣನೂ ಇದ್ದ. ಜುಂಜಣ್ಣ ಅವರನ್ನೊಮ್ಮೆ ನೋಡಿದ.

“ಸ್ವಾಮಿ, ನನ್ ಹೆಂಡ್ರು ಅಂಗೆಲ್ಲ ತಿರುಗೋಳಲ್ಲ. ಗಾಡೀಲಿದ್ಲು. ನನ್ ಪಕ್ದಲ್ಲೇ ನಿಂತಿದ್ಲು. ದರುಸ್ನ ಮಾಡ್ಕಂಡು, ತೀರ್ಥ ತಗಂಡು ಮನೀಗ್ ಬತ್ತಿದ್ಲು. ದೇವ್ರತಾವಿಂದ ಬರೋಳ್ನ ಬೀದೀಲ್ ಬಿದ್ದು ಸತ್ಳು ಅಂತ ನನ್ ಬಾಯಲ್ ಅನ್ನಿಸ್ಬ್ಯಾಡಿ.”

ಕಂಪನಿಯ ವಕೀಲರು ‘ಅಷ್ಟು ಸಾಕು’ ಎಂದು ಕೂತರು. ಆ ಮಾತಿನಿಂದ ತನಗೆ ಬರಬೇಕಾದ್ದು ಹೋಯಿತೆಂದು ಜುಂಜಣ್ಣನಿಗೆ ಗೊತ್ತಿತ್ತೋ ಇಲ್ಲವೋ, ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಮುಂದಿನ ಸರದಿ ಅಪ್ಪನದು. ನಿಮ್ಮ ಮಾತಿಗೆ ನೀವು ಗಟ್ಟಿಯಾಗಿ ನಿಂತರೆ ಇನ್ನೂ ಒಂದು ಆಸೆ ಇದೆ ಎಂದು ಅವನ ವಕೀಲರು ಕಿವಿಯಲ್ಲಿ ಹೇಳಿದ್ದರು. ಅಪ್ಪ ಮನೆಯನ್ನು ನೆನೆಸಿಕೊಂಡನೋ, ನನ್ನನ್ನೋ, ಅಜ್ಜಿಯನ್ನೋ. ಜುಂಜಣ್ಣನ ಎದುರಿಗೇ ನಿಂತು, ಆಕೆ ಗಾಡಿಯಲ್ಲಿ ಇರಲಿಲ್ಲ, ದಾರಿಯಲ್ಲಿ ನಡೆದು ಹೋಗುತ್ತಿದ್ದಳು ಎಂದ. ಒಬ್ಬಳೇ ಇದ್ದಳಾ ಎಂದು ಕೇಳಿದ್ದಕ್ಕೆ, ‘ಒಬ್ಳೇ ಸ್ವಾಮಿ’ ಎಂದ. ಒಂದು ಸಲವೂ ತಡವರಿಸಲಿಲ್ಲ. ಹೊರಗೆ ಬಂದ ಮೇಲೆ ಜುಂಜಣ್ಣ ಅಪ್ಪನ ಹತ್ತಿರ ಬರಲಿಲ್ಲ, ಅಮ್ಮನ ಹತ್ತಿರ ಬಂದ.

“ಅಮ್ಮಾರೆ, ಒಬ್ಳೇ ಅಂದ್ಬುಟ್ರಲ್ಲ.”

ಚಿತ್ತಿ ಮಾರನೆಯ ದಿನದಿಂದ ನಮ್ಮ ಮನೆಗೆ ಬರಲಿಲ್ಲ. ತೀರ್ಪು ಬಂತು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಿದ್ದು ಮಾಲೀಕನ ತಪ್ಪು, ಕಂಪನಿಗೆ ಸಂಬಂಧವಿಲ್ಲ, ಪರಿಹಾರವನ್ನೂ ಬಡ್ಡಿಯನ್ನೂ ಮಾಲೀಕನೇ ಕೊಡತಕ್ಕದ್ದು. ಕಡಲೆಕಾಯಿ ವ್ಯಾಪಾರ ಸಾಲದ ಮೇಲೆ ನಡೆಯುವಂಥದ್ದು. ಸುದ್ದಿ ತಿಳಿದ ಮಿಲ್ಲಿನವರು ಅಪ್ಪನಿಗೆ ಮುಂಗಡ ಕೊಡುವುದು ನಿಲ್ಲಿಸಿದರು. ಗಾಡಿ ಹೋಯಿತು, ಅಮ್ಮನ ಕೈ ಕೊರಳು ಬರಿದಾಯಿತು, ವಕೀಲರ ಮನೆಗೆ ಅಲೆಯುವುದಕ್ಕೇ ಅದೆಲ್ಲ ಸರಿಹೋಯಿತು. ಸುಗ್ಗಿ ಬಂದರೂ ಪಡಸಾಲೆ ಬರಿದಾಗಿತ್ತು. ಅಷ್ಟು ದೊಡ್ಡದಿತ್ತೆಂದು ನನಗೆ ಆಗಲೇ ಗೊತ್ತಾದದ್ದು, ಮಾತಾಡಿದರೆ ಮಾತು ಗೋಡೆಗೆ ತಾಗಿ ವಾಪಸು ಬರುತ್ತಿತ್ತು. ಅಲ್ಲಿ ಕೂತು ಅಪ್ಪ ಅಮ್ಮ ಜಗಳವಾಡುತ್ತಿದ್ದರು. ಪೂಜೆಗೆಂದು ಅವಸರ ಮಾಡದಿದ್ದರೆ ಗಾಡಿ ವಾಲುತ್ತಿರಲಿಲ್ಲ ಎಂದು ಅಮ್ಮ, ಅದನ್ನು ನಿಮ್ಮತ್ತೆಗೆ ಹೇಳು ಎಂದು ಅಪ್ಪ. ಒಳಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಜ್ಜಿ ಸಂಜೆಯ ಪೂಜೆಯನ್ನೇ ಬಿಟ್ಟಳು. ನೀರು ಕುಡಿಯಲೋ ಬೇಡವೋ ಎಂದು ತಿಳಿಯದೆ ಲೋಟ ಹಿಡಿದು ಕೂತಿರುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಶಾಲೆ ಬಿಟ್ಟರೂ ಕತ್ತಲಾಗುವವರೆಗೆ ಮನೆಗೆ ಬರುತ್ತಿರಲಿಲ್ಲ.

ಜುಂಜಣ್ಣ ಒಂದು ವರ್ಷ ಸುಮ್ಮನಿದ್ದ. ಆಮೇಲೆ ಈರಕ್ಕನ ಅಣ್ಣ, ನನ್ನ ತಂಗಿಯನ್ನು ಬೀದಿಯವಳು ಅಂದವನಿಗೆ ಮನೆ ಯಾಕೆ ಎಂದು ತೀರ್ಪನ್ನು ಜಾರಿ ಮಾಡಿಸಲು ಕೋರ್ಟಿಗೆ ಅರ್ಜಿ ಹಾಕಿಸಿದ. ಜುಂಜಣ್ಣ ಬೇಡ ಎನ್ನಲಿಲ್ಲ, ಹೆಬ್ಬೆಟ್ಟು ಒತ್ತಿದ. ಕೋರ್ಟಿನ ಅಮೀನ ಬಂದು ಬಾಗಿಲಿಗೆ ಜಪ್ತಿಯ ಚೀಟಿ ಅಂಟಿಸಿದ. ಅದನ್ನು ಊರಿಗೆ ಸಾರಬೇಕಂತೆ, ನಮ್ಮ ಮನೆಯ ಮುಂದೆ ತಮಟೆ ಬಡಿಸಿದರು. ಬಡಿಯುವವನು ನಮ್ಮೂರಿನವನೇ. ಅಜ್ಜಿಯ ಮುಖ ನೋಡಲಾರದೆ ಬೆನ್ನು ತಿರುಗಿಸಿ ಬಡಿದ. ಹರಾಜಿನಲ್ಲಿ ನಮ್ಮೂರಿನವರು ಯಾರೂ ಕೂಗಲಿಲ್ಲ. ಅದು ಮರ್ಯಾದೆಗೆಂದು ಮಾಡಿದ್ದು. ಆದರೆ ಅದರಿಂದ ಮನೆ ಶಿರಾದ ಒಬ್ಬ ವ್ಯಾಪಾರಿಗೆ ಅಗ್ಗಕ್ಕೆ ಹೋಯಿತು. ಬಂದದ್ದು ತೀರ್ಪಿನ ಅರ್ಧಕ್ಕೂ ಸಾಲಲಿಲ್ಲ, ಉಳಿದದ್ದು ಅಪ್ಪನ ತಲೆಯ ಮೇಲೇ ಉಳಿಯಿತು. ಸಾಯುವವರೆಗೂ ಅಪ್ಪ ತನ್ನ ಹೆಸರಿನಲ್ಲಿ ಒಂದು ಸೈಕಲ್ಲನ್ನೂ ಕೊಳ್ಳಲಿಲ್ಲ. ಈಗ ಕೆಲಸದ ಮೇಲೆ ಪಾವಗಡದ ಕಡೆ ಹೋದಾಗ, ಅಪ್ಪ ಕಾಯಿ ಕೊಳ್ಳುತ್ತಿದ್ದ ರಾಯಚರ್ಲಿನ ಹೊಲಗಳಲ್ಲಿ ಸೋಲಾರ್ ಹಲಗೆಗಳು ಮಲಗಿರುತ್ತವೆ. ಅಲ್ಲಿಯೂ ಕಡಲೆಕಾಯಿ ಇಲ್ಲವೆಂದು ನನಗೆ ಒಂದು ಕೆಟ್ಟ ಸಮಾಧಾನ.

ಮನೆ ಬಿಡುವ ದಿನ ನಾನು ಹೈಸ್ಕೂಲಿನಲ್ಲಿದ್ದೆ. ಬೆಳಗ್ಗೆ ಅಮೀನ ಬಂದ, ಕೊಂಡವನ ಕಡೆಯ ಆಳೊಬ್ಬ ಬಂದ. ಈರಕ್ಕನ ಅಣ್ಣನ ಜೊತೆ ಜುಂಜಣ್ಣನೂ ಬಂದು ಎದುರು ಬೇವಿನ ಮರದ ಕೆಳಗೆ ನಿಂತ. ಪಾತ್ರೆ, ಹಾಸಿಗೆ, ಬೀಸುವ ಕಲ್ಲು ಬೀದಿಗೆ ಬಂದವು. ಅಜ್ಜಿ ಬರುವುದಿಲ್ಲವೆಂದು ನಡುಮನೆಯ ಕಂಬ ಹಿಡಿದಳು. ಅಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕರೆತಂದಳು. ಕೊನೆಗೆ ಅಪ್ಪ ಬಂದ. ಜಗಲಿ ಇಳಿದವನು ನಮ್ಮ ಹತ್ತಿರ ಬರದೆ ನೆಟ್ಟಗೆ ಬೇವಿನ ಮರದ ಕಡೆ ನಡೆದ. ಹೊಡೆದಾಟವಾಗುತ್ತದೆಂದು ಜನ ಹತ್ತಿರ ಬಂದರು.

“ಜುಂಜಣ್ಣ, ಈರಕ್ಕ ಗಾಡೀಲೇ ಇದ್ಲು ಕಣಪ್ಪ. ನಿನ್ ಪಕ್ದಲ್ಲೇ ನಿಂತಿದ್ಲು. ಇಡೀ ಊರು ಕೇಳ್ಲಿ, ನಾನೇ ಹತ್ತಿಸ್ಕಂಡು ಹೋಗಿದ್ದೆ.”

ಜುಂಜಣ್ಣ ಟವಲಿನಿಂದ ಬಾಯಿ ಮುಚ್ಚಿಕೊಂಡು ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

“ಇದ್ನ ಅವತ್ತೇ ಅಲ್ಲಿ ಅಂದಿದ್ರೆ ಸಾಕಿತ್ತು ಯಜಮಾನ್ರೆ. ನಿಮ್ಮನೆ ಬಾಗ್ಲಿಗೆ ನಾನು ಇಂಗೆ ಬತ್ತಿರ್ನಿಲ್ಲ.”

ಅಪ್ಪ ಅಮೀನನ ಕಡೆ ತಿರುಗಿದ. ಅಮೀನ ಕೆಟ್ಟವನಲ್ಲ, ಬಿಸಿಲಿನಲ್ಲಿ ನಿಂತು ಸಾಕಾಗಿತ್ತು.

“ನೋಡಿ ಯಜಮಾನ್ರೆ, ಅದೆಲ್ಲ ಕೋರ್ಟಲ್ಲಿ ಮುಗಿದ್ಹೋಗಿದೆ. ಈಗ ನಾನೂ ಏನೂ ಮಾಡಂಗಿಲ್ಲ, ಅವನೂ ಏನೂ ಮಾಡಂಗಿಲ್ಲ. ಬೀಗ ಹಾಕಿ ಕೀಲಿ ಕೊಟ್ಬುಡಿ.”

ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ಅಜ್ಜಿಯ ಮುಖ ನೋಡಿದಳು. ನಮ್ಮ ಮನೆಗೆ ಬೀಗವೇ ಇರಲಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು, ಒಳಗಿನ ಅಗುಳಿ ಬಿಟ್ಟರೆ ಆ ಬಾಗಿಲಿಗೆ ಬೇರೇನೂ ಬೇಕಾಗಿರಲಿಲ್ಲ. ಕೊಂಡವನ ಆಳೂ ಬೀಗ ತಂದಿರಲಿಲ್ಲ, ಮನೆ ಅಂದ ಮೇಲೆ ಇದ್ದೇ ಇರುತ್ತದೆ ಎಂದುಕೊಂಡಿದ್ದ. ಅಪ್ಪ ಜೇಬಿಗೆ ಕೈ ಹಾಕಿ, ಇದ್ದದ್ದನ್ನು ನನ್ನ ಕೈಗಿಟ್ಟು, ‘ಅಂಗ್ಡೀಲಿ ಒಂದು ಬೀಗ ತಗಂಡು ಬಾವ್ವ’ ಎಂದ. ಯಾರೂ ಅವನನ್ನು ತಡೆಯಲಿಲ್ಲ. ನಾನು ಓಡಿದೆ. ಅಂಗಡಿಯವನು ಮೂರು ನಾಲ್ಕು ಬೀಗಗಳನ್ನು ಹಲಗೆಯ ಮೇಲಿಟ್ಟು, ‘ಎಷ್ಟು ದೊಡ್ಡದು ಬೇಕವ್ವ?’ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ.